ರಂಗಕ್ಕೆ ಮೊದಲು ಕೋಡಂಗಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಆರಾಧನೆಯಲ್ಲೂ ಹರಕೆಯೆಂದು ಆಡಿಸುವ ಯಕ್ಷಗಾನದ ಆಟಗಳಲ್ಲೂ ನಗಿಸುವವರಿಗೆ ಏನು ಕೆಲಸ ಎಂಬ ವಿಷಯಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಹರಕೆ ಆಟದಲ್ಲಿ ಎಲ್ಲ ವೇಷಗಳಿಗಿಂತ ಮೊದಲು ಕೋಡಂಗಿ ಬಂದು ಕುಣಿಯುತ್ತದೆ. ದೇವರ ಸೇವೆಯೆಂದು ಆಡಿಸುವ ಆಟಕ್ಕೆ ಕೋಡಂಗಿಯಿಂದ ಆರಂಭವೇಕೆ? ಹುಡುಗರಿಗೆ ಅಭ್ಯಾಸವಾಗಲೆಂದು ಮಾತ್ರವೇ?
(ಯಕ್ಷಗಾನ ಪ್ರೇಕ್ಷಕರು, ಬೈಂದೂರು)

ಅಭ್ಯಾಸವೆನ್ನುವುದು ನಿಜವೇ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಹಾಕುವುದು ಕೋಡಂಗಿ ವೇಷ. ಕಿರೀಟವಿಲ್ಲ, ಭುಜಕೀರ್ತಿಯಿಲ್ಲ, ತಲೆಗೊಂದು ಬಟ್ಟೆ, ಮುಖಕ್ಕೆ ತೆಳುವಾದ ಬಣ್ಣ, ಕಾಲಿಗೆ ಗೆಜ್ಜೆ. ಕಥೆಯ ಹಂಗೂ ಇಲ್ಲ. ಹಿಮ್ಮೇಳದ ನುಡಿತಕ್ಕೆ ಹೆಜ್ಜೆ ಕೂಡಿಸುವುದು, ರಂಗಸ್ಥಳದ ಉದ್ದಗಲವನ್ನು ಕಾಲಿಗೆ ಪರಿಚಯ ಮಾಡಿಸುವುದು, ಎದುರಿಗೆ ಕೂತ ಜನರನ್ನು ಕಂಡು ಬೆದರದೆ ಇರುವುದು, ಇಷ್ಟೇ ಅವನ ಪಾಠ. ತಾಳ ತಪ್ಪಿದರೂ ಯಾವ ಪಾತ್ರದ ಮಾನವೂ ಹೋಗುವುದಿಲ್ಲ. ಅಲ್ಲಿಂದ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ, ಹೀಗೆ ಮೆಟ್ಟಿಲು ಹತ್ತಿದವನು ಮುಂದೆ ಪುಂಡುವೇಷಕ್ಕೂ ರಾಜವೇಷಕ್ಕೂ ಸಲ್ಲುತ್ತಾನೆ.

ಆದರೆ ಬರೀ ಪಾಠವಾಗಿದ್ದರೆ ಅದನ್ನು ಹಗಲು ಹೊತ್ತು ಬಿಡಾರದಲ್ಲೇ ಮುಗಿಸಬಹುದಿತ್ತು. ಬಣ್ಣದ ಮನೆಯಾದ ಚೌಕಿಯಲ್ಲಿ ಗಣಪತಿಯ ಪೂಜೆಯಾಗಿ, ಕಥೆಗೆ ಮುಂಚಿನ ಸ್ತುತಿ-ಕುಣಿತಗಳ ಭಾಗವಾದ ಸಭಾಲಕ್ಷಣ ಶುರುವಾದ ಮೇಲೆ, ಅಂದರೆ ವಿಧಿಯ ಒಳಗೇ ಕೋಡಂಗಿಗೆ ಜಾಗ ಕೊಟ್ಟಿದ್ದಾರೆ ಎಂಬುದನ್ನು ಗಮನಿಸಿ. ನಾಟ್ಯಶಾಸ್ತ್ರ ಹೇಳುವ ಪೂರ್ವರಂಗಕ್ಕೆ, ಅಂದರೆ ನಾಟಕಕ್ಕೆ ಮುಂಚಿನ ವಿಧಿಗೆ, 19 ಅಂಗಗಳು. ಮೊದಲ 9 ತೆರೆಯ ಹಿಂದೆ ನಡೆಯುತ್ತವೆ, ಉಳಿದ 10 ತೆರೆ ಸರಿದ ಮೇಲೆ. ನಾಂದಿ, ಚಾರಿ, ಮಹಾಚಾರಿ ಎಲ್ಲ ಮುಗಿದು, ಕೊನೆಯ ಪ್ರರೋಚನೆಗೆ ಮುಂಚೆ ಬರುವುದು ತ್ರಿಗತ. ಅದರಲ್ಲಿ ಮೂರೇ ಜನ: ಸೂತ್ರಧಾರ, ಅವನ ಜೊತೆಗಾರ ಪಾರಿಪಾರ್ಶ್ವಕ, ಮತ್ತು ವಿದೂಷಕ. ವಿದೂಷಕ ಇದ್ದಕ್ಕಿದ್ದ ಹಾಗೆ ಅಸಂಬದ್ಧ ಮಾತು ತಂದು ಸೂತ್ರಧಾರನ ಮುಖದಲ್ಲಿ ನಗು ಮೂಡಿಸಬೇಕು, ಇದು ಅಲ್ಲಿನ ವಿಧಿ. ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ನಾಟಕದ ಪಾತ್ರಗಳನ್ನು ಕಾಯುವ ದೇವತೆಗಳ ಪಟ್ಟಿಯೊಂದಿದೆ. ನಾಯಕನಿಗೆ ಇಂದ್ರ, ನಾಯಿಕೆಗೆ ಸರಸ್ವತಿ, ಉಳಿದ ಪಾತ್ರಗಳಿಗೆ ಹರ. ವಿದೂಷಕನನ್ನು ಕಾಯುವುದು ಓಂಕಾರ. ವೇದವನ್ನೇ ತಪ್ಪುತಪ್ಪಾಗಿ ಒದರುವ ಬೋಳುತಲೆಯ, ಹಲ್ಲುಬ್ಬಿನ ಬ್ರಾಹ್ಮಣನಿಗೆ ಓಂಕಾರದ ಕಾವಲು! ಕಟ್ಟಿದವರು ನಗೆಯನ್ನು ಹೊರಗಿನಿಂದ ತಂದ ಮಸಾಲೆಯೆಂದು ನೋಡಿದವರಲ್ಲ.

ಕೋಡಂಗಿಯನ್ನು ವಿದೂಷಕನ ಮೊಮ್ಮಗನೆಂದು ಎಳೆದು ಕಟ್ಟಬೇಕಿಲ್ಲ. ಇಬ್ಬರೂ ನಿಂತ ಜಾಗ ಒಂದೇ: ದೇವರ ಸ್ತುತಿಗೂ ಕಥೆಗೂ ನಡುವಿನ ಹೊಸ್ತಿಲು. ಕಿರೀಟದ ವೇಷ ಕಾಲಿಡುವ ಮೊದಲು ಆ ಖಾಲಿ ನೆಲವನ್ನು ತುಳಿದು ತೋರಿಸಲು ಕಳಕೊಳ್ಳಲು ಏನೂ ಇಲ್ಲದವನೇ ಬೇಕು. ‘ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ’ ಎಂಬ ಮಾತಿನಲ್ಲಿ ಆ ಹೆಸರಿಗೆ ಪೆದ್ದನೆಂಬ ಅರ್ಥವಷ್ಟೇ ಉಳಿಯಿತು. ರಂಗಸ್ಥಳದಲ್ಲಿ ಅದರ ಅರ್ಥ ಇನ್ನೂ ದೊಡ್ಡದು.

ಕಾಲಮಿತಿಯ ಆಟದಲ್ಲಿ ಮೊದಲು ಕತ್ತರಿ ಬೀಳುವುದು ಈ ಭಾಗಕ್ಕೆ. ಐದೇ ನಿಮಿಷವಾದರೂ ಸರಿ, ಉಳಿಸಿಕೊಳ್ಳಿ ಎಂದು ಆಟ ಆಡಿಸುವವರಲ್ಲಿ ನಮ್ಮ ವಿನಂತಿ.

ಕೋಡಂಗಿ, ಹಾಸ್ಯಗಾರ, ವಿದೂಷಕ, ಸಾರಥಿ: ಇವೆಲ್ಲ ಒಂದೇ ಪಾತ್ರದ ಬೇರೆ ಬೇರೆ ಹೆಸರುಗಳೇ?
(ವಿದ್ಯಾರ್ಥಿನಿ, ಧಾರವಾಡ)

ಅಲ್ಲ. ಕೋಡಂಗಿ ಕರಾವಳಿಯ ಆಟದಲ್ಲಿ ಪೂರ್ವರಂಗದ ವೇಷ, ಕಥೆಯೊಳಗೆ ಬರುವುದಿಲ್ಲ. ಹಾಸ್ಯಗಾರ ಎಂಬುದು ಮೇಳದಲ್ಲಿ ಒಂದು ಸ್ಥಾನ. ದೂತ, ವನಪಾಲಕ, ಮುದಿಬ್ರಾಹ್ಮಣ, ಮಂಥರೆ, ಬಾಹುಕ ಹೀಗೆ ಒಂದೇ ರಾತ್ರಿ ನಾಲ್ಕಾರು ವೇಷ ಅವನ ಪಾಲಿಗೆ ಬರುತ್ತದೆ. ವಿದೂಷಕ ಸಂಸ್ಕೃತ ನಾಟಕದ ಪಾತ್ರ, ಸಾಮಾನ್ಯವಾಗಿ ಕಥಾನಾಯಕನ ಗೆಳೆಯ. ಶಾಕುಂತಲದ ಮಾಧವ್ಯ, ಮೃಚ್ಛಕಟಿಕದ ಮೈತ್ರೇಯ ಇಂಥವರು. ಸಾರಥಿ ದೊಡ್ಡಾಟದವನು, ಬಂದ ಪಾತ್ರವನ್ನು ‘ತಾವು ಯಾರು’ ಎಂದು ಮಾತಾಡಿಸಿ ಹೆಸರು, ಊರು, ಪರಾಕ್ರಮ ಹೇಳಿಸುವುದು ಅವನ ಕೆಲಸ.

ದೇವಸ್ಥಾನದ ಜಾತ್ರೆಗೆ ನಮ್ಮ ಹವ್ಯಾಸಿ ತಂಡ ನಳದಮಯಂತಿ ಆಡುತ್ತಿದೆ. ಬಾಹುಕ ನನ್ನದು. ಹಾಸ್ಯ ಎಷ್ಟು ಬೇಕು, ಎಲ್ಲಿ ನಿಲ್ಲಿಸಬೇಕು, ಏನು ತಪ್ಪಾಗುತ್ತದೆ ತಿಳಿಸಿ.
(ಹವ್ಯಾಸಿ ಕಲಾವಿದರು, ಕುಂದಾಪುರ)

ಹಾಸ್ಯದ ಪಾತ್ರಗಳಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದು ಸಿಗಲಾರದು, ಏಕೆಂದರೆ ಬಾಹುಕ ಕಥಾನಾಯಕನೇ. ಕಾರ್ಕೋಟಕ ಕಚ್ಚಿ ರೂಪಗೆಟ್ಟ ನಳ ಅಯೋಧ್ಯೆಯಲ್ಲಿ ಋತುಪರ್ಣನ ಸಾರಥಿಯಾಗಿದ್ದಾನೆ. ನಗು ಹುಟ್ಟಬೇಕಾದದ್ದು ಆಳಿನ ಮೈಯೊಳಗೆ ಚಕ್ರವರ್ತಿಯ ಮನಸ್ಸಿದೆ ಎಂಬ ಕಡೆಯಿಂದ. ಗೂನುಬೆನ್ನನ್ನೂ ಮೊಂಡುಗೈಯನ್ನೂ ಆಡಿಸಿ ನಗಿಸಿದರೆ ಆ ನಗು ಎರಡು ನಿಮಿಷಕ್ಕೆ ಹಳಸುತ್ತದೆ. ಅಂಥದೇ ಮೈಯಿರುವ ಒಬ್ಬರು ಸಭೆಯಲ್ಲಿ ಕೂತಿರುತ್ತಾರೆ ಎಂಬುದೂ ನೆನಪಿರಲಿ.

ಮೊದಲು ಮೈ. ಯಾವ ಹೆಗಲು ತಗ್ಗು, ಯಾವ ಮೊಣಕಾಲು ಬಾಗಿದ್ದು ಎಂದು ಒಮ್ಮೆ ನಿರ್ಧರಿಸಿದ ಮೇಲೆ ಬದಲಿಸಬೇಡಿ. ಎಡಹೆಗಲು ತಗ್ಗಿಸಿ ಬಂದ ಬಾಹುಕ ಕುಣಿತ ಮುಗಿದ ಮೇಲೆ ಬಲಹೆಗಲು ತಗ್ಗಿಸಿದರೆ ಮಕ್ಕಳು ಮೊದಲು ಹಿಡಿಯುತ್ತಾರೆ. ಬೆನ್ನಿಗೆ ಗೂನು ಕಟ್ಟುವುದಿದ್ದರೆ ಪಿನ್ನು ಬೇಡ, ಅಗಲವಾದ ಬಟ್ಟೆಪಟ್ಟಿಯನ್ನು ಎದೆಗೂ ಸೊಂಟಕ್ಕೂ ಎರಡು ಕಡೆ ಬಿಗಿಯಿರಿ. ಬೆವರಿಗೆ ಬಟ್ಟೆ ಸಡಿಲವಾಗಿ ಗೂನು ಪಕ್ಕಕ್ಕೆ ಜಾರುವುದು ಸಾಮಾನ್ಯ. ಆದ್ದರಿಂದ ಗೆಜ್ಜೆ ಕಟ್ಟಿ ಹತ್ತು ನಿಮಿಷ ಕುಣಿದು ನೋಡಿ, ಆಮೇಲೆ ಇನ್ನೊಮ್ಮೆ ಬಿಗಿದು ರಂಗಕ್ಕೆ ಹೋಗಿ. ಬಾಗಿದ ಭಂಗಿಯಲ್ಲಿ ಉಸಿರು ಬೇಗ ಕಟ್ಟುತ್ತದೆ, ಮಾತಿನ ಕೊನೆ ನುಂಗಿ ಹೋಗುತ್ತದೆ. ಉದ್ದ ಮಾತಿಗೆ ಮುಂಚೆ ರಥದ ಹಗ್ಗ ಎಳೆಯುವ ನೆಪದಲ್ಲಿ ಸ್ವಲ್ಪ ನೆಟ್ಟಗಾಗಿ ಉಸಿರು ತೆಗೆದುಕೊಳ್ಳಿ.

ನಗೆಯ ಸರಕು ಕಥೆಯೊಳಗೇ ಇದೆ. ರಥ ಓಡುತ್ತಿರುವಾಗ ಋತುಪರ್ಣನ ಉತ್ತರೀಯ ಜಾರಿ ಬೀಳುತ್ತದೆ, ‘ನಿಲ್ಲಿಸು, ಎತ್ತಿಕೊಳ್ಳೋಣ’ ಅನ್ನುತ್ತಾನೆ. ‘ಅದು ಬಿದ್ದ ಜಾಗ ಯೋಜನ ಹಿಂದೆ ಉಳಿಯಿತು’ ಎನ್ನುವುದು ಬಾಹುಕನ ಉತ್ತರ. ಇದನ್ನು ಶಾಂತವಾಗಿ, ಕುದುರೆಗಳ ಮೇಲಿನ ಕಣ್ಣು ತೆಗೆಯದೆ ಹೇಳಿ. ರಾಜ ಹಿಂದಕ್ಕೆ ತಿರುಗಿ ನೋಡಲಿ, ಅವನ ಕೈ ಖಾಲಿ ಹೆಗಲನ್ನು ಮುಟ್ಟಿಕೊಳ್ಳಲಿ. ಸಭೆ ನಗುವುದು ಅಲ್ಲಿ. ನೀವೇ ಮೊದಲು ನಕ್ಕರೆ ಸಭೆಗೆ ಏನೂ ಉಳಿಯುವುದಿಲ್ಲ. ತಾರೆಯ ಮರದ ಎಲೆ ಕಾಯಿ ಎಣಿಸುವ ಸಂದರ್ಭವೂ ಹೀಗೆಯೇ. ರಾಜ ಲೆಕ್ಕ ಒಪ್ಪಿಸಿದ, ನೀವು ನಂಬದೆ ರಥ ಬಿಟ್ಟು ಎಣಿಸಲು ಹೊರಟಿರಿ. ಆ ಹಟದಲ್ಲಿ ಜೂಜಿನಲ್ಲಿ ಸೋತವನ ನೋವೂ ಸ್ವಲ್ಪ ಇಣುಕಬೇಕು. ಏಕೆಂದರೆ ಅಲ್ಲಿ ಅವನು ಕಲಿಯುವುದು ದ್ಯೂತದ ಗುಟ್ಟನ್ನೇ.

ಋತುಪರ್ಣನ ಪಾತ್ರಧಾರಿಯ ಜೊತೆ ಚೌಕಿಯಲ್ಲೇ ಕೂತು ಎರಡು ವಿಷಯ ಪಕ್ಕಾ ಮಾಡಿಕೊಳ್ಳಿ: ಯಾವ ಮಾತಿನಿಂದ ಹಾಸ್ಯ ತೆರೆದುಕೊಳ್ಳುತ್ತದೆ, ಯಾವ ಮಾತು ಹಾಡುವ ಭಾಗವತರಿಗೆ ಮುಂದಿನ ಪದ್ಯದ ಎತ್ತುಗಡೆ. ನಡುವೆ ಏನು ಬೇಕಾದರೂ ಬೆಳೆಯಲಿ, ಆ ಎರಡು ಗೂಟ ಅಲ್ಲಾಡಬಾರದು. ಎತ್ತುಗಡೆಯ ಮಾತು ಮರೆತು ಹಾಸ್ಯ ಬೆಳೆಸುತ್ತ ಹೋದರೆ ಭಾಗವತರು ತಾಳ ಹಿಡಿದು ಕಾಯುತ್ತಾರೆ, ಮದ್ದಳೆಯ ಶ್ರುತಿ ಇಳಿಯುತ್ತದೆ, ರಸದ ಏರು ಮುರಿಯುತ್ತದೆ. ಒಂದೇ ವರಸೆಯ ನಗು ಎರಡು ಸಲ ಸಾಕು. ಮೂರನೆಯ ಸಲ ಸಭೆ ನಗುವುದು ಮರ್ಯಾದೆಗೆ.

ಚುನಾವಣೆ, ಸಿನಿಮಾ, ಊರಿನ ಗಣ್ಯರ ಹೆಸರು ಎಳೆದು ತಂದರೆ ಚಪ್ಪಾಳೆ ಸಿಗುವುದು ಖಂಡಿತ. ಆದರೆ ಕಥೆಯಿಂದ ಹೊರಗೆ ಹೋದ ಸಭೆಯನ್ನು ವಾಪಸು ಎಳೆಯುವ ಭಾರ ನಿಮ್ಮ ಮುಂದಿನ ಪಾತ್ರಧಾರಿಯ ತಲೆಗೆ ಬೀಳುತ್ತದೆ, ಮತ್ತು ಇಲ್ಲಿ ಮುಂದಿನವಳು ದಮಯಂತಿ.

ಎಲ್ಲಿ ನಿಲ್ಲಿಸಬೇಕೆಂದು ಕೇಳಿದಿರಿ. ದಮಯಂತಿ ಕಳಿಸಿದ ಕೇಶಿನಿ ಮಾತಾಡಿಸುವವರೆಗೆ ಹಾಸ್ಯ ಇರಲಿ. ಮಕ್ಕಳನ್ನು ತಂದು ಎದುರಿಗೆ ನಿಲ್ಲಿಸಿದ ಗಳಿಗೆಗೆ ಅದು ಪೂರ್ತಿ ಇಳಿಯಬೇಕು. ಮೊಂಡುಗೈ ಚಾಚಿ ಮಕ್ಕಳನ್ನು ಅಪ್ಪಿಕೊಂಡು ಅತ್ತು, ‘ನನ್ನ ಮಕ್ಕಳ ಹಾಗೆಯೇ ಇದ್ದಾರೆ, ಅದಕ್ಕೇ ಕಣ್ಣೀರು ಬಂತು’ ಎಂದು ಸಾವರಿಸಿಕೊಳ್ಳುವ ಜಾಗವದು. ಅಲ್ಲಿಯವರೆಗೆ ನೀವು ನಗಿಸಿದ್ದೆಲ್ಲ ಈ ಅಳುವಿಗೆ ಹದ ಮಾಡಿದ ನೆಲ. ಹಾಸ್ಯಗಾರನಿಗೆ ಹಿರಿಯರು ಬಾಹುಕನನ್ನು ಕೊಟ್ಟದ್ದು ಇದಕ್ಕಾಗಿಯೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಕೊಡಗಿನ ಕುಂಡೆ ಹಬ್ಬದಲ್ಲಿ ವೇಷ ಹಾಕಿಕೊಂಡು ದೇವರನ್ನೇ ಬೈಯುತ್ತಾರೆ. ಇದು ದೈವನಿಂದೆಯಲ್ಲವೇ? ಇಂಥದ್ದನ್ನು ನಿಲ್ಲಿಸಬಾರದೇ?
(ಓದುಗರು, ಮೈಸೂರು)

ಬೈಗುಳ ಯಾರದು, ಯಾರ ಮೇಲೆ, ಎಷ್ಟು ಹೊತ್ತು ಎಂಬುದನ್ನು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಗೋಣಿಕೊಪ್ಪಲಿನ ಹತ್ತಿರದ ದೇವರಪುರದಲ್ಲಿ ಮೇ ತಿಂಗಳ ಒಂದು ಗುರುವಾರ ಈ ಹಬ್ಬ. ಜೇನುಕುರುಬ, ಯರವ ಮೊದಲಾದ ಕಾಡಿನ ಜನ ಹೆಂಗಸರ ಬಟ್ಟೆ, ಹರಕು ಟೋಪಿ, ಮುಖಕ್ಕೆ ಬಣ್ಣ ಹಚ್ಚಿಕೊಂಡು, ಸೋರೆಬುರುಡೆಯೋ ತಗಡಿನ ಡಬ್ಬವೋ ಬಡಿಯುತ್ತ, ದಾರಿಹೋಕರನ್ನು ತಡೆದು ಬೈದು ಕಾಣಿಕೆ ಕೇಳುತ್ತ ಬರುತ್ತಾರೆ. ಕೊನೆಗೆ ಸೇರುವುದು ದೇವಸ್ಥಾನಕ್ಕೇ. ಜನ ಹೇಳುವ ಕಥೆ ಹೀಗೆ: ಅಯ್ಯಪ್ಪ ಈ ಜನರನ್ನು ಕಾಡಿಗೆ ಕರೆದುಕೊಂಡು ಹೋದ, ಅಲ್ಲಿ ಭದ್ರಕಾಳಿಯನ್ನು ಕಂಡು ಇವರನ್ನು ನಡುದಾರಿಯಲ್ಲಿ ಬಿಟ್ಟು ಅವಳ ಹಿಂದೆ ಹೊರಟುಹೋದ. ನಂಬಿ ಬಂದವರನ್ನು ಕೈಬಿಟ್ಟ ದೇವರ ಮೇಲೆ ವರ್ಷಕ್ಕೊಮ್ಮೆ ಸಿಟ್ಟು ತೀರಿಸಿಕೊಳ್ಳುವ ಹಕ್ಕು ಅವರದು. ಬೈಯುವುದಕ್ಕೂ ಅಷ್ಟು ಹತ್ತಿರದ ಸಂಬಂಧ ಬೇಕು.

ಇದು ಕಾಡಿನ ಜನರ ಒರಟುತನವೆಂದು ತಿಳಿಯುವುದೂ ತಪ್ಪು. ವೈದಿಕರ ಮಹಾವ್ರತ ಎಂಬ ಯಾಗದಲ್ಲಿ ಬ್ರಹ್ಮಚಾರಿಯೂ ವೇಶ್ಯೆಯೂ ಪರಸ್ಪರ ಬೈದಾಡುವುದು ವಿಧಿಯ ಭಾಗವೇ ಆಗಿತ್ತು. ಶ್ರೀಲಂಕಾದಲ್ಲಿ ರೋಗ ಬಿಡಿಸಲು ನಡೆಸುವ ಸನ್ನಿ ಯಕುಮ ಎಂಬ ಆಚರಣೆಯಲ್ಲಿ ರೋಗ ತರುವ 18 ಯಕ್ಷರ ಮುಖವಾಡ ಬರುತ್ತವೆ. ವಾದ್ಯದವನು ಅವರನ್ನು ಮಾತಿಗೆಳೆದು ಗೇಲಿ ಮಾಡುತ್ತಾನೆ, ರಾತ್ರಿಯಿಡೀ ಹೆದರಿ ಕೂತಿದ್ದ ರೋಗಿ ಆ ಹೊತ್ತಿಗೆ ನಗುತ್ತಾನೆ. ಹೆದರಿಸುವ ಶಕ್ತಿಯನ್ನು ನಗೆಗೆ ಈಡು ಮಾಡುವುದೇ ಅಲ್ಲಿ ಚಿಕಿತ್ಸೆ.

ಕೆಡುವುದು ಎಲ್ಲಿ ಅಂದರೆ, ಹಬ್ಬದ ಹತ್ತು ಸೆಕೆಂಡಿನ ತುಣುಕು ಮೊಬೈಲಿನಲ್ಲಿ ಊರೂರು ಸುತ್ತಿದಾಗ. ದಿನ, ಜಾಗ, ಕಥೆ ಮೂರೂ ಕಳಚಿ ಬರೀ ಬೈಗುಳ ಉಳಿಯುತ್ತದೆ. ನಿಲ್ಲಿಸಬೇಕಾದದ್ದು ಏನಾದರೂ ಇದ್ದರೆ ಅದು.

ಈಗ ಎಲ್ಲ ಪಾತ್ರಗಳೂ ತಿಳಿಗನ್ನಡದಲ್ಲೇ ಮಾತಾಡುತ್ತವೆ. ಜನರಿಗೆ ಅರ್ಥ ಬಿಡಿಸಿ ಹೇಳಲು ಇನ್ನು ಹಾಸ್ಯದವನು ಬೇಕೇ?
(ನಿವೃತ್ತ ಅಧ್ಯಾಪಕರು, ಶಿರಸಿ)

ಅರ್ಥ ಬಿಡಿಸುವುದು ಅವನ ಕೆಲಸಗಳಲ್ಲಿ ದೊಡ್ಡದು, ಒಪ್ಪಿದೆ. ಸಂಸ್ಕೃತ ನಾಟಕದ ವಿದೂಷಕ ಜಾತಿಯಲ್ಲಿ ಬ್ರಾಹ್ಮಣನಾದರೂ ಆಡುವುದು ಪ್ರಾಕೃತ. ಕೇರಳದ ಕೂಡಿಯಾಟ್ಟಂನಲ್ಲಿ ನಾಯಕ ಸಂಸ್ಕೃತ ಶ್ಲೋಕ ಹೇಳಿದರೆ ವಿದೂಷಕ ಅದನ್ನು ಮಲಯಾಳದಲ್ಲಿ ಬಿಡಿಸುತ್ತಾನೆ. ಬಾಲಿಯ ತೊಗಲುಗೊಂಬೆಯಲ್ಲಿ ಪಾಂಡವರು ‘ಕವಿ’ ಎಂಬ ಹಳೆಯ ಭಾಷೆಯಲ್ಲಿ ನುಡಿಯುತ್ತಾರೆ, ಅವರ ಸೇವಕರಾದ ತ್ವಾಲೆನ್ ಮತ್ತು ಮೆರ್ದಾ ಅದನ್ನು ಊರಿನ ಮಾತಿಗೆ ತರುತ್ತಾರೆ.

ಆದರೆ ಬಿಡಿಸುವಾಗ ಏನಾಗುತ್ತದೆ ನೋಡಿ. ನಾಯಕ ಪ್ರೇಯಸಿಯ ಮುಖವನ್ನು ಹಾಡಿಹೊಗಳಿದ ಶ್ಲೋಕಕ್ಕೆ ಕೂಡಿಯಾಟ್ಟಂನ ವಿದೂಷಕ ಅದೇ ಛಂದಸ್ಸಿನಲ್ಲಿ ಅಡುಗೆಮನೆಯ ಮಾತಿನ ಪ್ರತಿಶ್ಲೋಕ ಕಟ್ಟುತ್ತಾನೆ. ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕರ ಜಾಗದಲ್ಲಿ ಅವನ ಪುರುಷಾರ್ಥಗಳು ವಿನೋದ, ವಂಚನ, ಅಶನ, ರಾಜಸೇವೆ. ಇವನ್ನು ವಿವರಿಸಲು ಹಲವು ರಾತ್ರಿ ಹಿಡಿಯುತ್ತದೆ. ಅಶನದ ದಿನ ಊಟದ ವರ್ಣನೆ ಮಾಡುತ್ತ ಊಟಕ್ಕಾಗಿಯೇ ಬದುಕುವವರನ್ನು ಹಿಡಿದು ನಿಲ್ಲಿಸುತ್ತಾನೆ. ರಾಜಸೇವೆಯ ದಿನ ಅಧಿಕಾರದ ಸುತ್ತ ಸುಳಿಯುವವರನ್ನು. ಈ ಕಲೆಯನ್ನು ಆಡುವ ಚಾಕ್ಯಾರರ ವೇಷವೇ ಇದನ್ನು ಹೇಳುತ್ತದೆ: ಒಂದು ಕಿವಿಗೆ ಕುಂಡಲ, ಇನ್ನೊಂದಕ್ಕೆ ಸುರುಳಿ ಸುತ್ತಿದ ವೀಳ್ಯದೆಲೆ. ಇದೆಲ್ಲ ನಡೆಯುವುದು ದೇವಸ್ಥಾನದ ರಂಗಮಂದಿರವಾದ ಕೂತ್ತಂಬಲದಲ್ಲಿ, ದೀಪದ ಎದುರು. ಎದುರಿಗೆ ಕೂತವನು ಅರಸನೇ ಆದರೂ ಎದ್ದು ಉತ್ತರಿಸುವಂತಿಲ್ಲ. ಹಾಗೆ ಮಾಡಿದರೆ ಚಾಕ್ಯಾರ್ ತಲೆಯ ಮುಡಿ ತೆಗೆದುಬಿಡುತ್ತಾನೆ, ಆಟ ಅಲ್ಲಿಗೆ ಮುಗಿಯಿತು. 2001ರಲ್ಲಿ ಯುನೆಸ್ಕೊ ಮನ್ನಣೆ ಕೊಟ್ಟ ಈ ಕಲೆಯಲ್ಲಿ ವಿದೂಷಕನ ಭಾಗವನ್ನು ಕಡಿಮೆಯದೆಂದು ಯಾರೂ ಎಣಿಸುವುದಿಲ್ಲ.

ಜಾವಾದ ವಯಾಂಗ್ ಗೊಂಬೆಯಾಟದಲ್ಲಿ ನಡುರಾತ್ರಿಯ ಹೊತ್ತಿಗೆ ‘ಗರ-ಗರ’ ಎಂಬ ಘಟ್ಟ. ಲೋಕವೆಲ್ಲ ಅಲ್ಲೋಲಕಲ್ಲೋಲವಾದ ವರ್ಣನೆ ಮುಗಿಯುತ್ತಿದ್ದಂತೆ ಸೆಮಾರ್ ತನ್ನ ಮಕ್ಕಳಾದ ಗಾರೆಂಗ್, ಪೆತ್ರುಕ್, ಬಾಗೊಂಗ್ ಜೊತೆ ಬರುತ್ತಾನೆ. ಡೊಳ್ಳು ಹೊಟ್ಟೆಯ ಆಳು, ಅರ್ಜುನನ ಹಿಂದೆ ಓಡಾಡುವವನು. ಆದರೆ ಅಲ್ಲಿನವರ ನಂಬಿಕೆಯಲ್ಲಿ ಅವನು ಬಟಾರ ಗುರುವಿನ, ಅಂದರೆ ಶಿವನ, ಅಣ್ಣ. ವ್ಯಾಸಭಾರತದಲ್ಲಿ ಇವನಿಲ್ಲ. ಆಳಿನ ವೇಷದಲ್ಲಿ ಎಲ್ಲರಿಗಿಂತ ಹಿರಿಯ ದೇವರನ್ನು ಇಟ್ಟದ್ದು ಜಾವಾದ ಜನರೇ. ಭಾಷಾಂತರಕ್ಕೆ ಅಂಥವನು ಬೇಕಿರಲಿಲ್ಲ. ದೊರೆಗೆ ಬುದ್ಧಿ ಹೇಳಲು ಬೇಕಿತ್ತು. ನಮ್ಮ ದೂತನೂ ಸೇನಾಧಿಪತಿ ಹೇಳಲಾಗದ್ದನ್ನು ಅಸುರರಾಜನ ಮುಖಕ್ಕೆ ಹೇಳಬಲ್ಲ. ತಿಳಿಗನ್ನಡ ಬಂದ ಮಾತ್ರಕ್ಕೆ ಆ ಕೆಲಸ ಮುಗಿಯುವುದಿಲ್ಲ.

ನಮ್ಮೂರ ಹಬ್ಬಕ್ಕೆ ತೊಗಲುಗೊಂಬೆಯಾಟ ಇಡಿಸುತ್ತಿದ್ದೇವೆ. ಸಮಯ ಒಂದೂವರೆ ಗಂಟೆ. ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಹಾಸ್ಯ ಕೆಲವೊಮ್ಮೆ ಅಶ್ಲೀಲವಾಗುತ್ತದೆ ಎಂದು ಸಮಿತಿಯವರು ಅದನ್ನು ಬಿಡಿಸಲು ಹೇಳುತ್ತಿದ್ದಾರೆ.
(ಉತ್ಸವ ಸಮಿತಿ ಸದಸ್ಯರು, ತುಮಕೂರು ಜಿಲ್ಲೆ)

ಬಿಡಿಸಬೇಡಿ. ಗಣಪತಿ, ಸರಸ್ವತಿ ಗೊಂಬೆಗಳ ಸ್ತುತಿಯಾದ ಮೇಲೆ ಪರದೆಗೆ ಬರುವ ಜೋಡಿಯಿದು. ಡೊಳ್ಳು ಹೊಟ್ಟೆ, ದಪ್ಪ ತುಟಿ, ಗುಂಗುರು ಕೂದಲಿನ ಈ ಗೊಂಬೆ ಬಂದು ಜಗಳ ತೆಗೆದ ಮೇಲೇ ಸಭೆಯ ಗದ್ದಲ ಅಡಗುವುದು. ಮಾತು ಎಷ್ಟು ಮೊನಚಾಗಿರಬೇಕೆಂಬುದನ್ನು ಆಡಿಸುವವರು ಸಭೆ ನೋಡಿಯೇ ಅಳೆಯುತ್ತಾರೆ. ‘ಮಕ್ಕಳು, ಹೆಂಗಸರು ಮುಂದೆ ಕೂತಿರುತ್ತಾರೆ’ ಎಂದು ಮೊದಲೇ ತಿಳಿಸಿದರೆ ಸಾಕು, ಯಾವ ಮಾತು ಬಿಡಬೇಕೆಂದು ಪಟ್ಟಿ ಕೊಡಬೇಡಿ. ಗೊಂಬೆಯ ಹೆಸರೇ ಆಡಿಸುವ ಸಮುದಾಯಕ್ಕೂ ಅಂಟಿಕೊಂಡಿದೆ. ಕರಪತ್ರದಲ್ಲಿ ಕಲಾವಿದರ ಹೆಸರನ್ನು ಅವರು ಹೇಳಿದ ಹಾಗೆಯೇ ಮುದ್ರಿಸಿ.

ಸಮಯ ಹೊಂದಿಸಲು ಯುದ್ಧದ ಸಂದರ್ಭ ಚಿಕ್ಕದು ಮಾಡಿಸಿ. ಇನ್ನೊಂದು ಮಾತು: ಈ ಗೊಂಬೆಗಳು ರಾಜರ ಗೊಂಬೆಗಳಿಗಿಂತ ಚಿಕ್ಕವು. ವೇದಿಕೆಯ ಮೇಲೆ ಪರದೆ ಕಟ್ಟಿ, ಗಣ್ಯರ ಸೋಫಾ ಮುಂದಿಟ್ಟು, ಜನರನ್ನು ಐವತ್ತು ಅಡಿ ದೂರ ಕೂರಿಸಿದರೆ ಯಾರಿಗೂ ಕಾಣುವುದಿಲ್ಲ. ಮಕ್ಕಳು ಪರದೆಯ ಹತ್ತಿರ ನೆಲದ ಮೇಲೆ ಕೂರಲಿ. ಪರದೆಯ ಈಚೆ ಕಡೆಯ ದೀಪಗಳನ್ನೆಲ್ಲ ಆರಿಸಿ, ಸರದೀಪವನ್ನೂ. ಗೊಂಬೆ ಪರದೆಗೆ ಒತ್ತಿದಾಗ ಬಣ್ಣ ಸ್ಪಷ್ಟ. ದೀಪದ ಕಡೆ ಎಳೆದಾಗ ನೆರಳು ಹಿಗ್ಗಿ ಮಸುಕಾಗುತ್ತದೆ. ಕಿಳ್ಳೇಕ್ಯಾತ ಸಿಟ್ಟಿಗೆದ್ದು ದೊಡ್ಡವನಾಗುವುದು ಈ ಎಳೆತದಲ್ಲಿ. ಹೊರಗಿನ ಬೆಳಕಿದ್ದರೆ ಆ ಚಮತ್ಕಾರ ಸತ್ತೇಹೋಗುತ್ತದೆ.

ಶಾಲಾ ವಾರ್ಷಿಕೋತ್ಸವಕ್ಕೆ ‘ಜಗತ್ತಿನ ವಿದೂಷಕರು’ ಎಂಬ ರೂಪಕ ಮಾಡಿಸುತ್ತಿದ್ದೇನೆ. ಅಮೆರಿಕದ ಮೂಲನಿವಾಸಿಗಳ ಮಣ್ಣುಮುಖವಾಡದ ವಿದೂಷಕರನ್ನೂ ಸೇರಿಸಬಹುದೇ? ಮುಖವಾಡ ಹೇಗೆ ಮಾಡುವುದು?
(ಶಿಕ್ಷಕಿ, ಬೆಂಗಳೂರು)

ಅದೊಂದನ್ನು ಬಿಡಿ. ನೀವು ಹೇಳುವುದು ನ್ಯೂ ಮೆಕ್ಸಿಕೋದ ಜುನಿ ಜನರ ಕೊಯೆಮ್ಶಿಗಳನ್ನು. ಅವರು 10 ಮಂದಿ, ಒಂದು ವರ್ಷದ ಮಟ್ಟಿಗೆ ನೇಮಕವಾಗಿ ಆ ವರ್ಷವಿಡೀ ವ್ರತದಲ್ಲಿರುವವರು. ಗಂಟುಗಂಟಾದ ಆ ಮುಖವಾಡ ಅವರಿಗೆ ಪೂಜೆಯ ವಸ್ತು. ಅಲ್ಲಿನ ಅನೇಕ ಊರುಗಳಲ್ಲಿ ಆಚರಣೆಯ ಫೋಟೊ ತೆಗೆಯುವುದಕ್ಕೂ ನಿಷೇಧವಿದೆ. ಲಕೋಟಾ ಜನರ ಹೆಯೋಕನೂ ಹಾಗೆಯೇ. ಕನಸಿನಲ್ಲಿ ಗುಡುಗಿನ ಶಕ್ತಿಗಳನ್ನು ಕಂಡವನು ಮಾತ್ರ ಹೆಯೋಕ. ಎಲ್ಲವನ್ನೂ ತಿರುವುಮುರುವು ಮಾಡುತ್ತಾನೆ, ಕುದಿಯುವ ನೀರಿಗೆ ಬರಿಗೈ ಹಾಕಿ ಮಾಂಸ ತೆಗೆದು ತಣ್ಣಗಿದೆ ಅನ್ನುತ್ತಾನೆ. ಇವರ ಬಗ್ಗೆ ಮಕ್ಕಳು ನಿರೂಪಣೆಯಲ್ಲಿ ಹೇಳಲಿ, ವೇಷ ಬೇಡ.

ಅದರ ಬದಲು ಭೂತಾನಿನ ಅತ್ಸರನನ್ನು ತೆಗೆದುಕೊಳ್ಳಿ. ‘ಆಚಾರ್ಯ’ ಎಂಬ ಸಂಸ್ಕೃತ ಪದದಿಂದ ಬಂದ ಹೆಸರು. ಕೆಂಪು ಮುಖವಾಡ, ಕೊಕ್ಕಿನಂಥ ಮೂಗು. ಬೌದ್ಧ ಮಠಗಳ ಛೆಚು ಉತ್ಸವದಲ್ಲಿ ಸಾವಿರಾರು ಜನರ ನಡುವೆ ಬಹಿರಂಗವಾಗಿ ಓಡಾಡುವವನು. ಕೈಯಲ್ಲಿ ಮರದ ಲಿಂಗ ಹಿಡಿದಿರುತ್ತಾನೆ. ಶಾಲೆಗೆ ಅದನ್ನು ಬಿಟ್ಟು ಮಾಡಿ. ಮುಖವಾಡವನ್ನು ಕಾಗದದ ರದ್ದಿ ಮತ್ತು ಗೋಂದಿನಿಂದ ಬಲೂನಿನ ಮೇಲೆ ನಾಲ್ಕೈದು ಪದರ ಅಂಟಿಸಿ ಮಾಡಬಹುದು. ಪ್ರತಿ ಪದರ ಪೂರ್ತಿ ಒಣಗಿದ ಮೇಲೇ ಮುಂದಿನದು, ಇಲ್ಲದಿದ್ದರೆ ಒಳಗೆ ಬೂಷ್ಟು ಬರುತ್ತದೆ. ಕಣ್ಣಿನ ತೂತು ಕತ್ತರಿಸುವ ಮೊದಲು ಮಗುವಿನ ಮುಖಕ್ಕಿಟ್ಟು ಗುರುತು ಮಾಡಿಕೊಳ್ಳಿ. ಮೂಗಿನ ಕೆಳಗೆ ಉಸಿರಿಗೆ ಜಾಗ ಬಿಡಿ.

ಅತ್ಸರ ಜನರನ್ನು ನಗಿಸುವುದಷ್ಟೇ ಮಾಡುವುದಿಲ್ಲ, ಮಕ್ಕಳಿಗೆ ಇದನ್ನು ಮುಖ್ಯವಾಗಿ ಕಲಿಸಿ. ಭಾರದ ಮುಖವಾಡ ಹಾಕಿ ಸುತ್ತುವ ನರ್ತಕರಿಗೆ ಪಕ್ಕದ್ದು ಕಾಣುವುದಿಲ್ಲ. ಯಾರದೋ ಮುಖವಾಡದ ದಾರ ಸಡಿಲವಾಯಿತು, ಉಡುಪು ಕಾಲಿಗೆ ಸಿಕ್ಕಿತು ಎಂದರೆ ಕುಣಿತ ನಿಲ್ಲದ ಹಾಗೆ ಒಳನುಗ್ಗಿ ಸರಿಮಾಡಿ ಬರುವವನು ಅವನೇ. ಆದ್ದರಿಂದ ಈ ಪಾತ್ರವನ್ನು ಇಡೀ ಕುಣಿತವನ್ನು ಚೆನ್ನಾಗಿ ಬಲ್ಲ ಮಗುವಿಗೆ ಕೊಡಿ. ಒಂದು ಸಲ ಬೇಕೆಂದೇ ಒಬ್ಬರ ದಾರ ಬಿಚ್ಚಿಟ್ಟು ಅಭ್ಯಾಸ ಮಾಡಿಸಿ: ಹಿಂದಿನಿಂದ ಬಂದು, ತಾಳ ಬಿಡದೆ, ಎರಡು ಸುತ್ತಿನೊಳಗೆ ಗಂಟು ಹಾಕಿ, ನಗಿಸುತ್ತಲೇ ಹೊರಗೆ ಬರಬೇಕು.